ಪಿಯು ಓದೋ ಹುಡುಗನಿಗೆ ಎಂಐಟಿ, ಹಾರ್ವರ್ಡ್ ಸಿಗೋದು ಉಂಟಾ? ನಿಜ ಹೇಳಿ

ಕೆರೆಏರಿ:
ಎಲ್ಲರಿಗೂ ನಮಸ್ಕಾರ. ಇಲ್ಲಿ ಅಮೆರಿಕದಲ್ಲಿ ಇರೋವ್ರು, ಮಕ್ಕಳನ್ನ ಕಳಿಸಿದವ್ರು ಇದ್ದೀರ ಅಂತ ಗೊತ್ತು, ಅದಕ್ಕೇ ಕೇಳ್ತಿದ್ದೀನಿ. ನಂದು ತುಮಕೂರು ಜಿಲ್ಲೆ, ಸೆಕೆಂಡ್ ಪಿಯು, ಪಿಸಿಎಂಸಿ. ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮೀಡಿಯಂ. ಎಸ್ಸೆಸ್ಸೆಲ್ಸಿ 625ಕ್ಕೆ 614, ಫಸ್ಟ್ ಪಿಯು 600ಕ್ಕೆ 571. ಬೆಂಗಳೂರಿಗೆ ಹೋಗಿ ಸ್ಯಾಟ್ (ಅಮೆರಿಕದ ಕಾಲೇಜಿಗೆ ಸೇರೋಕೆ ಬರೆಯೋ ಪರೀಕ್ಷೆ) ಬರೆದು ಬಂದೆ, 1600ಕ್ಕೆ 1510. ಗಣಿತ 790, ಇಂಗ್ಲಿಷ್ 720. ಫೀಸು ಮಾವ ಕಟ್ಟಿದ್ರು. ಅಪ್ಪ ಊರಿನ ಹಾಲಿನ ಡೈರಿ ಸೆಕ್ರೆಟರಿ, ಜೊತೆಗೆ ಒಂದೂವರೆ ಎಕರೆ ತೆಂಗು. ಎಲ್ಲಾ ಸೇರಿ ವರ್ಷಕ್ಕೆ ಐದು ಲಕ್ಷ ದಾಟಲ್ಲ.

ಎಂಐಟಿ, ಹಾರ್ವರ್ಡ್, ಪ್ರಿನ್ಸ್‌ಟನ್, ಸ್ಟ್ಯಾನ್‌ಫರ್ಡ್, ಬರ್ಕ್ಲಿ, ಇಷ್ಟಕ್ಕೆ ಹಾಕೋಣ ಅಂತ. ಎಷ್ಟು ಪರ್ಸೆಂಟ್ ಚಾನ್ಸ್ ಇದೆ? ಸುಳ್ಳು ಸಮಾಧಾನ ಬೇಡ. ಎಕ್ಸ್‌ಟ್ರಾ ಕರಿಕ್ಯುಲರ್ ಅಂತ ಹೇಳ್ಕೊಳ್ಳೋಕೆ ಎನ್ನೆಸ್ಸೆಸ್ ಕ್ಯಾಂಪ್ ಒಂದಿದೆ, ಅಷ್ಟೆ. ಒಲಿಂಪಿಯಾಡ್ ಅನ್ನೋ ಹೆಸರು ಕೇಳಿದ್ದೇ ಪಿಯುಗೆ ಬಂದ ಮೇಲೆ.

ನಾಲ್ಕನೇ ಬ್ಲಾಕ್:
ಸೊನ್ನೆ ಪಾಯಿಂಟ್ ಒಂದು. ಸಿಇಟಿ ಓದ್ಕೋ ಮರಿ.

ಚಾರ್ಲ್ಸ್ ದಂಡೆ:
ನಾಲ್ಕನೇ ಬ್ಲಾಕ್‌ನವರು ಹೇಳಿದ್ದು ಒರಟು, ಪೂರ್ತಿ ಸುಳ್ಳೇನಲ್ಲ. ನಾನು ಬಾಸ್ಟನ್ ಪಕ್ಕ ಹದಿನೆಂಟು ವರ್ಷದಿಂದ ಇದ್ದೀನಿ. ಇಲ್ಲಿ ನಮ್ಮವರ ಮಕ್ಕಳು ಅರ್ಜಿ ಹಾಕಿ ಮಾರ್ಚ್ ಕೊನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಉಸಿರು ಬಿಗಿಹಿಡಿದು ಕೂರೋದನ್ನ ಪ್ರತಿ ವರ್ಷ ನೋಡ್ತೀನಿ. ಅವರು ಇಲ್ಲಿನ ಪ್ರಜೆಗಳು, ಅವರಿಗೇ ಕಷ್ಟ. 2024ರಲ್ಲಿ ಹಾರ್ವರ್ಡಿಗೆ ಬಂದ ಅರ್ಜಿ 54,008, ಸೀಟು ಕೊಟ್ಟಿದ್ದು 1,937 ಜನಕ್ಕೆ. ನೂರಕ್ಕೆ ನಾಲ್ಕೂ ಇಲ್ಲ. ಎಂಐಟಿಯವರು ಹೊರದೇಶದವರ ಲೆಕ್ಕವನ್ನ ಬೇರೆ ಮಾಡಿ ತಾವೇ ಪ್ರಕಟಿಸ್ತಾರೆ: ನೂರಕ್ಕೆ ಎರಡರ ಆಸುಪಾಸು. ಆ ಎರಡರಲ್ಲಿ ಭಾರತವೂ ಇದೆ, ವಿಯೆಟ್ನಾಂ, ಘಾನಾ, ಬ್ರೆಜಿಲ್ಲೂ ಇದೆ.

ಚಾನ್ಸಿಗಿಂತ ಮುಂಚೆ ದುಡ್ಡಿನ ಮಾತು ಮುಗಿಸಿಬಿಡು. ಈ ಜಾತಿಯ ಕಾಲೇಜುಗಳಲ್ಲಿ ಫೀಸು, ಊಟ, ರೂಮು ಸೇರಿ ವರ್ಷಕ್ಕೆ 85ರಿಂದ 90 ಸಾವಿರ ಡಾಲರ್. ನಿಮ್ಮ ಮನೆ ಆದಾಯ ಆರು ಸಾವಿರ ಡಾಲರ್ ಮುಟ್ಟಲ್ಲ. ಹಾಗಾಗಿ ದುಡ್ಡು ಕೇಳಿದ್ದಕ್ಕೇ ಅರ್ಜಿ ಪಕ್ಕಕ್ಕಿಡೋ ಕಾಲೇಜು ಯಾವುದು, ಅದನ್ನ ನೋಡದೇ ಇರೋದು ಯಾವುದು ಅಂತ ವಿಂಗಡಿಸ್ಕೋ. ನಿನ್ನ ಪಟ್ಟಿಯಲ್ಲಿ ಎಂಐಟಿ, ಹಾರ್ವರ್ಡ್, ಪ್ರಿನ್ಸ್‌ಟನ್ ಮೂರೂ ನೋಡಲ್ಲ. ಸೀಟು ಕೊಟ್ರೆ ಮನೆಯವರ ಕೈಲಾಗದ ಅಷ್ಟನ್ನೂ ಅವರೇ ತುಂಬ್ತಾರೆ. ನೀಡ್-ಬ್ಲೈಂಡ್ ಅಂತಾರಲ್ಲ, ಅದು ಇದೇ. ಯೇಲ್, ಆಮ್ಹರ್ಸ್ಟ್ ಮೊದಲಿಂದ ಹಾಗೇ. ಡಾರ್ಟ್‌ಮತ್, ಬೋಡನ್ 2022ರಲ್ಲಿ ಸೇರ್ಕೊಂಡ್ವು, ಬ್ರೌನ್ 2025ರಲ್ಲಿ ಒಳಗೆ ಬಂದ ಬ್ಯಾಚಿನಿಂದ. ಹೊರದೇಶದವರ ಮಟ್ಟಿಗೆ ಇಂಥವು ಕೈಬೆರಳಲ್ಲಿ ಎಣಿಸೋ ಅಷ್ಟೇ. ಎಂಐಟಿಯಲ್ಲಂತೂ 2025ರಿಂದ ವರ್ಷಕ್ಕೆ ಲಕ್ಷ ಡಾಲರ್‌ಗಿಂತ ಕಮ್ಮಿ ಆದಾಯದ ಮನೆಯವರು ಏನೂ ಕಟ್ಟಬೇಕಾಗಿಲ್ಲ.

ಸ್ಟ್ಯಾನ್‌ಫರ್ಡ್ ಹಾಗಲ್ಲ. ಹೊರದೇಶದವನು ನೆರವು ಕೇಳಿದ್ರೆ ಅದನ್ನೂ ತಕ್ಕಡಿಗೆ ಹಾಕ್ತಾರೆ. ಕೊಲಂಬಿಯಾ, ಪೆನ್ನೂ ಅದೇ ದಾರಿ. ಬರ್ಕ್ಲಿಯನ್ನ ಇವತ್ತೇ ಹೊಡೆದುಹಾಕು. ಅದು ಕ್ಯಾಲಿಫೋರ್ನಿಯಾದ ಸರ್ಕಾರಿ ವಿಶ್ವವಿದ್ಯಾಲಯ, ಹೊರದೇಶದ ಹುಡುಗನ ಮನೆ ಬಡತನ ನೋಡಿ ದುಡ್ಡು ಕೊಡಲ್ಲ. ನಿನ್ನ 1510 ಕೂಡ ಅವರಿಗೆ ಬೇಕಾಗಿಲ್ಲ, ಅವರು ಸ್ಯಾಟ್ ನೋಡೋದನ್ನೇ ಬಿಟ್ಟಿದ್ದಾರೆ. ಎಂಐಟಿ 2022ರಲ್ಲಿ ಸ್ಯಾಟ್ ಮತ್ತೆ ಕಡ್ಡಾಯ ಮಾಡ್ತು, ಹಾರ್ವರ್ಡ್ 2024ರಲ್ಲಿ. ಎಂಐಟಿ ಸೇರಿದವರಲ್ಲಿ ಗಣಿತಕ್ಕೆ 800 ಅನ್ನೋದು ಮಾಮೂಲಿ, ಹಾಗಾಗಿ ನಿನ್ನ 790 ನೋಡಿ ಅಲ್ಲಿ ಯಾರೂ ಹುಬ್ಬೇರಿಸಲ್ಲ. ಬಾಗಿಲಲ್ಲಿ ತಡೆಯೋದೂ ಇಲ್ಲ.

ಪಗಡೆ:
ಇಷ್ಟುದ್ದ ಬರೆದು ಹೆದರಿಸೋದ್ಯಾಕೆ, ಲೆಕ್ಕ ಸುಲಭ ಇದೆ. ಒಂದು ಕಡೆ ಸಿಗೋದು 2% ಅಂದ್ರೆ ಸಿಗದೇ ಇರೋದು 98%. ಒಂದೇ ಅರ್ಜಿಯನ್ನ ಹಲವು ಕಾಲೇಜಿಗೆ ಕಳಿಸೋ ಕಾಮನ್ ಆಪ್‌ನಲ್ಲಿ 20 ಕಾಲೇಜಿಗೆ ಹಾಕಬಹುದು. 0.98 ಅನ್ನ ಇಪ್ಪತ್ತು ಸಲ ಗುಣಿಸಿ, 0.67 ಬರುತ್ತೆ. ಅಂದ್ರೆ ಎಲ್ಲಾದ್ರೂ ಒಂದು ಕಡೆ ಸಿಗೋ ಸಾಧ್ಯತೆ 33%. ಮೂರರಲ್ಲಿ ಒಂದು! ಇಪ್ಪತ್ತಕ್ಕೂ ಹಾಕು ತಮ್ಮಾ.

ಲ್ಯಾಬ್ ಮೇಷ್ಟ್ರು:
ಪಗಡೆಯವರೇ, ನೀವು ತೆಗೆದ ಸೂತ್ರ ಇರೋ ಅಧ್ಯಾಯದಲ್ಲೇ 'ಸ್ವತಂತ್ರ ಘಟನೆಗಳು' ಅಂತ ಒಂದು ಷರತ್ತಿದೆ, ಅದನ್ನ ಹಾರಿಸಿದ್ರಿ. ಇಪ್ಪತ್ತು ಕಡೆಗೂ ಹೋಗೋದು ಅದೇ ಮಾರ್ಕ್ಸ್ ಕಾರ್ಡು, ಅದೇ 650 ಪದದ ಪ್ರಬಂಧ, ಅದೇ ಶಿಫಾರಸು ಪತ್ರ. ಒಬ್ಬರಿಗೆ ಸಪ್ಪೆ ಅನ್ನಿಸಿದ ಸಾರು ಪಕ್ಕದ ಎಲೆಯವರಿಗೆ ಖಾರ ಆಗುತ್ತಾ? ಇನ್ನೊಂದು, ಆ ಎರಡು ಪರ್ಸೆಂಟು ಪಂಕ್ತಿಯಲ್ಲಿ ಕೂತ ಎಲ್ಲರಿಗೂ ಸಮನಾಗಿ ಬಡಿಸಿದ್ದಲ್ಲ. ಅಂತರರಾಷ್ಟ್ರೀಯ ಒಲಿಂಪಿಯಾಡಿನ ಪದಕ ಹಿಡ್ಕೊಂಡು ಬಂದವನ ಪಾಲೂ ಅದರೊಳಗಿದೆ, ಸುಮ್ಮನೆ ಕಾಲಂ ತುಂಬಿ ಕಳಿಸಿದವನ ಸೊನ್ನೆಯೂ ಇದೆ. ಅರ್ಜಿ ಶುಲ್ಕ ಬೇರೆ, ಒಂದೊಂದಕ್ಕೆ 75ರಿಂದ 90 ಡಾಲರ್. ಮನೆ ಪರಿಸ್ಥಿತಿ ಬರೆದುಕೊಟ್ರೆ ಎಷ್ಟೋ ಕಾಲೇಜು ಮನ್ನಾ ಮಾಡ್ತವೆ. ಕೇಳೋಕೆ ನಾಚಿಕೆ ಪಡಬೇಡ.

ನಾನು ಪಿಯು ಕಾಲೇಜಲ್ಲಿ ಫಿಸಿಕ್ಸ್ ಹೇಳ್ಕೊಡೋನು. ಎರಡು ವರ್ಷದ ಹಿಂದೆ ಒಬ್ಬ ಹುಡುಗಿಗೆ ಇಂಥ ಪತ್ರ ಬರೆದುಕೊಟ್ಟೆ, ಆಗ ಗೊತ್ತಾಯ್ತು ನಮ್ಮ ಪಿಯು ಪದ್ಧತಿ ಎಲ್ಲಿ ಎಡವುತ್ತೆ ಅಂತ. ಅವರು ಕೇಳೋದು ಒಂಬತ್ತರಿಂದ ಹನ್ನೆರಡರ ತನಕ ನಾಲ್ಕು ವರ್ಷದ ಅಂಕ. ನಮ್ಮಲ್ಲಿ ಒಂಬತ್ತು, ಹತ್ತು ಹೈಸ್ಕೂಲಲ್ಲಿ, ಆಮೇಲೆ ಎರಡು ವರ್ಷ ಬೇರೆ ಕಾಲೇಜಲ್ಲಿ. ಒಂಬತ್ತನೇ ಕ್ಲಾಸಿನ ಅಂಕಪಟ್ಟಿ ಯಾವನು ಇಟ್ಕೊಂಡಿರ್ತಾನೆ? ಹೈಸ್ಕೂಲಿಗೆ ಹೋಗಿ ರಿಜಿಸ್ಟರ್ ತೆಗೆಸಿ, ಇಂಗ್ಲಿಷಲ್ಲಿ ಬರೆಸಿ, ಹೆಡ್‌ಮಾಸ್ಟರ್ ಸೀಲು ಹಾಕಿಸ್ಬೇಕು. ಆಮೇಲೆ ಸ್ಕೂಲ್ ಕೌನ್ಸಿಲರ್ ಅಂತ ಒಬ್ಬರು ಪತ್ರ ಬರೀಬೇಕು. ನಮ್ಮ ಕಾಲೇಜಲ್ಲಿ ಆ ಹುದ್ದೆಯೇ ಇಲ್ಲ, ಪ್ರಿನ್ಸಿಪಾಲರೇ ಕೌನ್ಸಿಲರ್. ಅವರಿಗೆ ಇಮೇಲ್ ಲಿಂಕ್ ಬಂದ್ರೆ ಫ್ರಾಡ್ ಅಂತ ಡಿಲೀಟ್ ಮಾಡ್ತಾರೆ. ನಮ್ಮವರು ಎರಡು ಸಲ ಮಾಡಿದ್ರು.

ಸ್ಕೂಲ್ ಪ್ರೊಫೈಲ್ ಅನ್ನೋದು ಇನ್ನೊಂದು. ನಿಮ್ಮ ಕಾಲೇಜಲ್ಲಿ ಎಷ್ಟು ಜನ, ಯಾವ್ಯಾವ ವಿಷಯ, ಅಂಕ ಹೇಗೆ ಕೊಡ್ತೀರ, ಎಷ್ಟು ಜನ 95 ದಾಟ್ತಾರೆ ಅಂತ ಒಂದು ಪುಟ. ಅದನ್ನ ನಾನೇ ಕೂತು ಬರೆದೆ. ಲ್ಯಾಬಲ್ಲಿ ಎಷ್ಟು ಮೈಕ್ರೋಸ್ಕೋಪು, ಲೈಬ್ರರಿಯಲ್ಲಿ ಎಷ್ಟು ಪುಸ್ತಕ ಅನ್ನೋದನ್ನೂ ಹಾಕಿದೆ. ಓದೋವ್ರಿಗೆ ಈ ಹುಡುಗಿ ಎಂಥ ಜಾಗದಿಂದ ಬಂದಿದ್ದಾಳೆ ಅಂತ ಗೊತ್ತಾಗ್ಬೇಕಲ್ಲ.

ಎಂಐಟಿಗೆ ಎರಡು ಶಿಕ್ಷಕರ ಪತ್ರ ಬೇಕು: ಒಂದು ಗಣಿತ ಅಥವಾ ವಿಜ್ಞಾನದವರದ್ದು, ಇನ್ನೊಂದು ಭಾಷೆ ಅಥವಾ ಸಮಾಜ ವಿಷಯದವರದ್ದು. ಪಿಸಿಎಂಸಿಯಲ್ಲಿ ಎರಡನೇದಕ್ಕೆ ಉಳಿಯೋದು ಕನ್ನಡ ಮೇಷ್ಟ್ರು ಇಲ್ಲ ಇಂಗ್ಲಿಷ್ ಮೇಷ್ಟ್ರು. ಆ ಹುಡುಗಿ ಕನ್ನಡ ಮೇಡಂ ಹತ್ರ ಬರೆಸಿದ್ಲು, ಅನುವಾದ ಜೊತೆಗಿಟ್ಟು ಕಳಿಸಿದ್ವಿ. ನನ್ನ ಪತ್ರಕ್ಕಿಂತ ಅದೇ ಚೆನ್ನಾಗಿತ್ತು. ನಾನು 'ಶ್ರದ್ಧೆ, ಶಿಸ್ತು, ವಿನಯ' ಅಂತ ಬರೆದಿದ್ದೆ. ಮೇಡಂ ಬರೆದಿದ್ದು, ರನ್ನನ ದುರ್ಯೋಧನನ ಪರ ನಿಂತು ಕ್ಲಾಸಲ್ಲಿ ಅವಳು ಮುಕ್ಕಾಲು ಗಂಟೆ ವಾದ ಮಾಡಿದ್ದು.

ನಾಲ್ಕನೇ ಬ್ಲಾಕ್:
ಆ ಹುಡುಗಿಗೆ ಸಿಕ್ತಾ?

ಲ್ಯಾಬ್ ಮೇಷ್ಟ್ರು:
ಇಲ್ಲ. ಈಗ ಬೆಂಗಳೂರಲ್ಲಿ ಐಎಸ್ಐ, ಅಂದ್ರೆ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಬಿ.ಮ್ಯಾಥ್ ಓದ್ತಿದ್ದಾಳೆ.

ಧಾರವಾಡದಾಕಿ:
ನಮ್ಮ ಮಗಳೂ ಹೋದ ವರ್ಷ ಹಾಕಿದ್ಲ್ರಿ. ಹನ್ನೊಂದು ಕಡೆ ಹಾಕಿ, ಒಂಬತ್ತು ಕಡೆ ಇಲ್ಲ ಅಂದ್ರು, ಒಂದ್ ಕಡೆ ವೇಟ್‌ಲಿಸ್ಟು. ಒಂದ್ ಸಣ್ಣ ಕಾಲೇಜಿನಾಗ ಸೀಟ್ ಕೊಟ್ರು, ರೊಕ್ಕ ಅರ್ಧಾ ಕೊಡ್ತೀವಿ ಅಂದ್ರು, ಉಳಿದ ಅರ್ಧಾ ಅಂದ್ರೂ ನಮ್ಮ ಮನಿ ಮಾರಬೇಕಿತ್ತು. ಬಿಟ್ವಿ.

ನಾ ಹೇಳಬೇಕಾಗಿದ್ದು ಬ್ಯಾರೆ. ಒಬ್ಬ ಕನ್ಸಲ್ಟಂಟ್‌ಗ ನಾಲ್ಕೂವರೆ ಲಕ್ಷ ಕೊಟ್ಟಿದ್ವಿ. ಅವ್ರು ಆಕಿ ಹೆಸರಿಲೆ ಒಂದ್ ಎನ್‌ಜಿಒ ತಗಿಸಿದ್ರು. ಬಡವ್ರಿಗೆ ನೋಟ್‌ಬುಕ್ ಹಂಚೂದು, ಫೋಟೋ ಹೊಡಸೂದು. ಆಮ್ಯಾಲೆ ತಿಳೀತು, ಅವ್ರ ಕಡೆ ಆ ವರ್ಷ ಇದ್ದ ಮತ್ತ ಆರು ಹುಡುಗ್ರಿಗೂ ಅಂಥಾದ್ದ ಎನ್‌ಜಿಒ, ಬೋರ್ಡ್ ಅಷ್ಟ ಬ್ಯಾರೆ. ಏಳೂ ಅರ್ಜಿ ಒಂದ ಟೇಬಲ್ ಮ್ಯಾಲೆ ಹೋಗಿ ಬಿದ್ದಿದ್ರ ಓದಾವ್ರು ಏನ್ ಅನ್ಕೊಂಡಿರಬೇಕ್ರಿ?

ಆಕಿಗೆ ಖರೇ ಹುಚ್ಚು ಇದ್ದದ್ದು ಹಾರ್ಮೋನಿಯಂ ರಿಪೇರಿದು. ಅಜ್ಜನ ಜೋಡಿ ಕುಂತು ರೀಡ್ ಬಿಚ್ಚಿ, ಸಣ್ಣಂಗ ಕೆರದು, ಊದಿ, ಮತ್ತ ಕೆರದು ಶ್ರುತಿ ಮಾಡ್ತಿದ್ಲು. ತುದಿ ಕಡೆ ಕೆರದ್ರ ಸ್ವರ ಏರ್ತದ, ಬುಡಕ್ಕ ಕೆರದ್ರ ಇಳೀತದ ಅಂತ ನನಗೂ ಕಲಿಸಿದ್ಲು. ಅದನ್ನ ಫಾರ್ಮ್‌ನಾಗ ಎಲ್ಲೂ ಬರೀಲಿಲ್ಲ. 'ಅದು ಹಾಬಿ, ಇಂಪ್ಯಾಕ್ಟ್ ಇಲ್ಲ' ಅಂದ್ರಂತ. ಈಗ ನೆನಸ್ಕೊಂಡ್ರ ಹೊಟ್ಟಿ ಉರೀತದ.

ಚಾರ್ಲ್ಸ್ ದಂಡೆ:
ಅಯ್ಯೋ ಅಕ್ಕಾ, ಆ ರೀಡಿನ ಮಾತು ಒಂದೇ ಸಾಕಿತ್ತು!

ಕೆರೆಏರಿ, ಇದನ್ನ ಓದಿದ ಮೇಲೆ ನಿನಗೊಂದು ಕೆಲಸ. ಬೆಳಿಗ್ಗೆ ಎದ್ದಾಗಿನಿಂದ ಕಾಲೇಜಿಗೆ ಹೋಗೋ ತನಕ ಏನೇನ್ ಮಾಡ್ತೀಯ, ಅಲಂಕಾರ ಇಲ್ದೆ ಬರಿ.

ಕೆರೆಏರಿ:
ಬರೆಯೋವಂಥದ್ದೇನಿಲ್ಲ ಸರ್. ಐದೂಕಾಲಿಗೆ ಏಳ್ತೀನಿ. ಅಪ್ಪನಿಗೆ ಎರಡು ವರ್ಷದ ಹಿಂದೆ ಬೈಕಲ್ಲಿ ಬಿದ್ದು ಬಲಗೈ ಸರಿ ಇಲ್ಲ, ಅದಕ್ಕೆ ಡೈರಿಯಲ್ಲಿ ಬೆಳಗಿನ ಹಾಲು ಪರೀಕ್ಷೆ ನಾನೇ ಮಾಡೋದು. ಸುಮಾರು 60 ಮನೆ. ಲ್ಯಾಕ್ಟೋಮೀಟರ್ ಬಿಡೋದು, ಫ್ಯಾಟ್ ನೋಡೋದು, ಬರ್ಕೊಳ್ಳೋದು. ಆರೂವರೆಗೆ ಮುಗಿಯುತ್ತೆ, ಏಳೂವರೆ ಬಸ್ಸು.

ಒಂದು ವಿಷಯ ಇದೆ, ಆದ್ರೆ ಅದು ದೊಡ್ಡದಲ್ಲ. ಡೈರಿ ಪಕ್ಕದ ಮನೆ ಅಜ್ಜಿ ಕರೆದ ಹಾಲನ್ನ ಬಿಸಿಬಿಸಿ ಹಾಗೇ ತಂದುಬಿಡ್ತಾರೆ. ಹಟ್ಟಿ ಕಡೆಯಿಂದ ಬರೋವ್ರ ಹಾಲು ಎರಡು ಕಿಲೋಮೀಟರ್ ಬರೋಷ್ಟರಲ್ಲಿ ತಣ್ಣಗಾಗಿರುತ್ತೆ. ಬಿಸಿ ಹಾಲಲ್ಲಿ ಲ್ಯಾಕ್ಟೋಮೀಟರ್ ಜಾಸ್ತಿ ಮುಳುಗುತ್ತೆ, ರೀಡಿಂಗ್ ಕಮ್ಮಿ ಬರುತ್ತೆ, ಎಸ್ಎನ್ಎಫ್ (ಕೊಬ್ಬು ಬಿಟ್ಟು ಹಾಲಲ್ಲಿರೋ ಗಟ್ಟಿ ಅಂಶ) ಕಮ್ಮಿ, ರೇಟೂ ಕಮ್ಮಿ. ಅಜ್ಜಿ ದಿನಾ ಜಗಳ, 'ನೀರು ಹಾಕಿಲ್ಲ ಕಣಪ್ಪಾ, ನಿಮ್ಮಪ್ಪನ ಆಣೆ' ಅಂತ. ನಾನು ತುಮಕೂರಿಂದ ಒಂದು ಥರ್ಮಾಮೀಟರ್ ತಂದು, ಒಂದೇ ಹಸುವಿನ ಹಾಲನ್ನ ಐದೈದು ನಿಮಿಷಕ್ಕೆ ಅಳೆದೆ, ಹನ್ನೆರಡು ದಿನ. ಎಷ್ಟು ಡಿಗ್ರಿಗೆ ಎಷ್ಟು ಸೇರಿಸ್ಬೇಕು ಅಂತ ಕ್ಯಾಲೆಂಡರ್ ಹಿಂದೆ ಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಇಂಥ ಪಟ್ಟಿ ಪುಸ್ತಕದಲ್ಲಿ ಮೊದಲೇ ಇದೆ ಅಂತ ಆಮೇಲೆ ಗೊತ್ತಾಯ್ತು. ಹೋಲಿಸಿ ನೋಡಿದ್ರೆ ಎರಡು ಕಡೆ ನಂದು ತಪ್ಪಿತ್ತು, ತಿದ್ದಿದೆ. ಈಗ 14 ತಿಂಗಳಾಯ್ತು. ಅಜ್ಜಿ ಜಗಳ ನಿಲ್ಲಿಸಿದ್ದಾರೆ, ಹಟ್ಟಿಯವರು ಶುರು ಮಾಡಿದ್ದಾರೆ.

ಇದು ಮನೆ ಕೆಲಸ ಅಲ್ವಾ? ಇದನ್ನೆಲ್ಲ ಬರೀಬಹುದಾ?

ಲ್ಯಾಬ್ ಮೇಷ್ಟ್ರು:
ಬರೀಬಹುದಾ ಅಂತೆ!

ಚಾರ್ಲ್ಸ್ ದಂಡೆ:
ಕಾಮನ್ ಆಪ್‌ನಲ್ಲಿ ಚಟುವಟಿಕೆಗೆ ಹತ್ತು ಜಾಗ ಇದೆ, ವಿವರಕ್ಕೆ ಒಂದೊಂದರಲ್ಲಿ 150 ಅಕ್ಷರ, ಖಾಲಿ ಜಾಗ ಸೇರಿ. ಅಲ್ಲಿ 'ಕುಟುಂಬದ ಜವಾಬ್ದಾರಿ' ಅಂತಾನೇ ಒಂದು ವರ್ಗ ಇದೆ, ಸಂಬಳದ ಕೆಲಸಕ್ಕೆ ಬೇರೆ. ಎಂಐಟಿಗೆ ಅವರದೇ ಅರ್ಜಿ, ಅದರಲ್ಲಿ ಇನ್ನೂ ಕಮ್ಮಿ ಜಾಗ. ಒಂದು ಸಲ ಬರೆದು ಇಲ್ಲಿ ಹಾಕು. ಮೊದಲು ಕನ್ನಡದಲ್ಲೇ ಬರಿ, ಇಂಗ್ಲಿಷ್ ಆಮೇಲೆ.

ಕೆರೆಏರಿ:
'ಹಾಲು ಉತ್ಪಾದಕರ ಸಂಘದಲ್ಲಿ ತಂದೆಯವರಿಗೆ ಸಹಾಯ ಮಾಡುತ್ತಾ ಜವಾಬ್ದಾರಿ, ನಾಯಕತ್ವ ಹಾಗೂ ಸಮಾಜಸೇವೆಯ ಗುಣಗಳನ್ನು ಬೆಳೆಸಿಕೊಂಡಿದ್ದೇನೆ.'

ಧಾರವಾಡದಾಕಿ:
ತಮ್ಮಾ, ಇದು ನಮ್ಮ ಕನ್ಸಲ್ಟಂಟ್ ಬರದಂಗ ಅದ.

ಚಾರ್ಲ್ಸ್ ದಂಡೆ:
ಅಕ್ಕ ಹೇಳಿದ್ದು ಸರಿ. ಇದರಲ್ಲಿ ಅಜ್ಜಿ ಎಲ್ಲಿ, ಥರ್ಮಾಮೀಟರ್ ಎಲ್ಲಿ? ಹೀಗೆ ಮಾಡು: 'ದಿನಾ ಬೆಳಿಗ್ಗೆ 60 ಮನೆ ಹಾಲು ಪರೀಕ್ಷೆ. ಬಿಸಿ ಹಾಲಿಗೆ ರೇಟು ಕಮ್ಮಿ ಬೀಳ್ತಿತ್ತು. ಅಳೆದು ತಿದ್ದುಪಡಿ ಪಟ್ಟಿ ಮಾಡಿದೆ, 14 ತಿಂಗಳಿಂದ ಬಳಕೆಯಲ್ಲಿದೆ.' ನಾಯಕತ್ವ ಅನ್ನೋ ಪದ ಬೇಡ. ಪುಸ್ತಕ ನೋಡಿ ನಿನ್ನ ತಪ್ಪು ತಿದ್ಕೊಂಡಿದ್ದು, ಈಗ ಹಟ್ಟಿಯವರು ಜಗಳ ಶುರು ಮಾಡಿರೋದು, ಇವು ಪ್ರಬಂಧಕ್ಕೆ. ಹಟ್ಟಿಯವರ ಜಗಳವನ್ನ ಬಿಡಲೇಬೇಡ, ಅದೇ ಮುಖ್ಯ. ಎಲ್ಲಾ ಸರಿಹೋಯ್ತು ಅಂತ ಮುಗಿಯೋ ಪ್ರಬಂಧ ಸಾವಿರ ಬಂದಿರ್ತಾವೆ.

ನಾಲ್ಕನೇ ಬ್ಲಾಕ್:
ಹಾಲಿನ ಕಥೆ ಓದಿ ಎಂಐಟಿಯವರು ಸೀಟು ಕೊಟ್ಬಿಡ್ತಾರಾ? ಹುಡುಗನ ತಲೆ ಕೆಡಿಸ್ಬೇಡಿ. ನಾನು ಮೊದಲು ಒಂದೇ ಸಾಲು ಬರೆದಿದ್ದಕ್ಕೂ ಕಾರಣ ಇದೆ. ನಮ್ಮಕ್ಕನ ಮಗನಿಗೆ ಸೀಟು ಸಿಕ್ಕಿತ್ತು, ವೀಸಾಕ್ಕೆ ಬೇಕಾದ ಐ-20 ಪತ್ರ ಕಾಲೇಜಿಂದ ಬಂದಿತ್ತು, ಬೀಳ್ಕೊಡುಗೆ ಊಟವೂ ಆಗಿತ್ತು. ವೀಸಾ ಕಿಟಕಿಯಲ್ಲಿ ಮೂರು ಪ್ರಶ್ನೆ, ಎರಡು ನಿಮಿಷ, 214(ಬಿ) ಅಂತ ಒಂದು ಚೀಟಿ. ಓದು ಮುಗಿಸಿ ವಾಪಸ್ ಬರ್ತೀಯ ಅಂತ ನಂಬಿಕೆ ಬರ್ಲಿಲ್ಲ ಅನ್ನೋದೇ ಅದರ ಅರ್ಥ. ಇನ್ನೊಂದು ಸಲ ಹೋದ, ಅದೇ ಚೀಟಿ. ಆ ಹೊತ್ತಿಗೆ ಇಲ್ಲಿ ಸಿಇಟಿ ಕೌನ್ಸೆಲಿಂಗ್ ಮುಗಿದು ಒಂದು ವರ್ಷ ಮನೆಯಲ್ಲಿ ಕೂತ. ಈಗ ಮಾತು ಬಿಟ್ಟಿದ್ದಾನೆ ನಮ್ಮ ಹತ್ರ.

2025ರ ಮೇನಲ್ಲಿ ಹೊಸ ಸಂದರ್ಶನಗಳನ್ನೇ ಕೆಲವು ವಾರ ನಿಲ್ಲಿಸಿದ್ರು, ಜೂನಿಂದ ಸೋಷಿಯಲ್ ಮೀಡಿಯಾ ಖಾತೆಗಳನ್ನ ಎಲ್ಲರಿಗೂ ಕಾಣೋ ಹಾಗೆ ತೆಗೆದಿಡಬೇಕು ಅಂದ್ರು. ಅದೇ ಮೇನಲ್ಲಿ ಹಾರ್ವರ್ಡ್ ಹೊರದೇಶದ ವಿದ್ಯಾರ್ಥಿಗಳನ್ನ ಸೇರಿಸ್ಕೊಳ್ಳೋದನ್ನೇ ಸರ್ಕಾರ ತಡೆಯೋಕೆ ಹೋಯ್ತು, ಕೋರ್ಟ್ ಮಾರನೇ ದಿನ ತಡೆಯಾಜ್ಞೆ ಕೊಟ್ಟಿದ್ದಕ್ಕೆ ಉಳೀತು. ಇಷ್ಟೆಲ್ಲ ಇದೆ ಮುಂದೆ.

ಚಾರ್ಲ್ಸ್ ದಂಡೆ:
ನಿಮ್ಮ ಅಕ್ಕನ ಮಗನ ವಿಷಯ ಓದಿ ಬೇಜಾರಾಯ್ತು. ನೀವು ಹೇಳಿದ ಒಂದು ಮಾತನ್ನೂ ತಳ್ಳಿಹಾಕಲ್ಲ. ಹಾಲಿನ ಕಥೆಗೆ ಸೀಟು ಸಿಗಲ್ಲ, ಗೊತ್ತು. ಬೆಳಿಗ್ಗೆಯಿಂದ ನೂರಾರು ಅರ್ಜಿ ಓದಿ ಕಣ್ಣು ಉರೀತಿರೋ ಒಬ್ಬರು ಇದರ ಹತ್ರ ಬಂದಾಗ ಒಂದು ನಿಮಿಷ ಜಾಸ್ತಿ ನಿಲ್ಲಬಹುದು. ಅಷ್ಟೇ. ಆಮೇಲೆ ಕಮಿಟಿ, ಅಲ್ಲಿ ಇಂಥದ್ದೇ ಹತ್ತು ಜನ.

ಪಗಡೆ:
ಹಾಗಾದ್ರೆ ಇವನ ಪರ್ಸೆಂಟ್ ಎಷ್ಟು? ಯಾರೂ ಹೇಳ್ಲಿಲ್ಲ.

ಲ್ಯಾಬ್ ಮೇಷ್ಟ್ರು:
ಹೇಳೋಕಾಗಲ್ಲ ಅಂತ ಹೇಳಿದ್ದೀವಿ. ನೀವು ದಾಳ ಹಾಕ್ತಾ ಇರಿ.

ಪಗಡೆ:
ಒಪ್ಪಿದೆ ಮೇಷ್ಟ್ರೇ, ಸ್ವತಂತ್ರ ಘಟನೆ ಮರೆತಿದ್ದು ನಂದೇ ತಪ್ಪು. ಪಿಯುನಲ್ಲೂ ಅದೇ ಲೆಕ್ಕದಲ್ಲಿ ಐದು ಮಾರ್ಕ್ಸ್ ಹೋಗಿತ್ತು. ಇನ್ನೊಂದು ಕೇಳ್ತೀನಿ, ನಮ್ಮ ಸಂಬಂಧಿಕರಲ್ಲಿ ಅಮೆರಿಕಕ್ಕೆ ಹೋದವರು ಬೇಕಾದಷ್ಟು ಇದ್ದಾರಲ್ಲ, ಅವರೆಲ್ಲ ಹೇಗೆ ಹೋದ್ರು?

ಚಾರ್ಲ್ಸ್ ದಂಡೆ:
ಎಂಎಸ್ ಮಾಡೋಕೆ. ನಾನೂ ಹಾಗೇ ಬಂದವನು. 2023-24ರಲ್ಲಿ ಇಲ್ಲಿದ್ದ ಭಾರತದ ವಿದ್ಯಾರ್ಥಿಗಳು 3,31,602, ಅದರಲ್ಲಿ ಡಿಗ್ರಿ ಓದೋವ್ರು 36 ಸಾವಿರದಷ್ಟು. ಒಂಬತ್ತರಲ್ಲಿ ಒಬ್ಬರು. ಊರಲ್ಲಿ 'ಅವರ ಮಗ ಹೋದ' ಅಂತ ಕೇಳೋದೆಲ್ಲ ಇಂಜಿನಿಯರಿಂಗ್ ಮುಗಿಸಿ, ಲೋನ್ ತೆಗೆದು ಹೋದವರ ಸುದ್ದಿ. ಅದು ಬೇರೆ ಬಾಗಿಲು, ಇಷ್ಟು ಇಕ್ಕಟ್ಟಿಲ್ಲ.

ಮೂರನೇ ಬಾಗಿಲೊಂದಿದೆ, ನಮ್ಮವರು ಅದನ್ನ ನೋಡೋದೇ ಕಮ್ಮಿ. ಮೇಷ್ಟ್ರ ಹುಡುಗಿ ಹಿಡಿದಿರೋ ದಾರಿ. ಮೈಸೂರು ರಸ್ತೆಯ ಐಎಸ್ಐ ಇರಲಿ, ಐಐಎಸ್‌ಸಿಯ ನಾಲ್ಕು ವರ್ಷದ ಬಿ.ಎಸ್. ಇರಲಿ, ಅಲ್ಲಿ ಓದಿ ಆಮೇಲೆ ಪಿಎಚ್‌ಡಿಗೆ ಇಲ್ಲಿಗೆ ಬಂದ್ರೆ, ವಿಜ್ಞಾನದಲ್ಲಿ ಫೀಸು ಮನ್ನಾ, ಮೇಲೆ ತಿಂಗಳ ಸ್ಟೈಪೆಂಡ್. ಅಪ್ಪನ ತೆಂಗಿನ ತೋಟದ ಪತ್ರ ಯಾರೂ ಕೇಳಲ್ಲ. ನಿನಗೂ ಇದು ಹೊಂದುತ್ತೆ ಅನ್ನಿಸುತ್ತೆ ಕೆರೆಏರಿ. ಹನ್ನೆರಡು ದಿನ ಹಾಲು ಅಳೆದವನು ನೀನು.

ಧಾರವಾಡದಾಕಿ:
ಕೆಂಟಕಿಯೊಳಗ ಬೆರಿಯಾ ಕಾಲೇಜ್ ಅಂತ ಒಂದ್ ಅದರಿ, ಅದರ ಹೆಸರು ಯಾರೂ ತಗಿಯಂಗಿಲ್ಲ. ಅಲ್ಲಿ ಟ್ಯೂಷನ್ ಫೀ ಅಂತ ಯಾರಿಗೂ ಇಲ್ಲ, 1892ರಿಂದ. ಓದೂ ಹುಡುಗ್ರೆಲ್ಲಾ ಕಾಲೇಜಿನಾಗ ಕೆಲಸ ಮಾಡಬೇಕು. ಹೊರದೇಶದವ್ರನ್ನ ತಗೊಳ್ಳೂದು ಭಾಳ ಕಮ್ಮಿ, ಆದ್ರ ತಗೊಂಡ್ರ ಮೊದಲ ವರ್ಷ ಪೂರಾ ಅವ್ರದ. ನಮಗ ತಿಳಿದಾಗ ತಾರೀಖ ಮುಗದಿತ್ತು. ನೀ ಹಾಕು.

ಕೆರೆಏರಿ:
ತುಂಬಾ ಥ್ಯಾಂಕ್ಸ್. ಪಟ್ಟಿಯಿಂದ ಬರ್ಕ್ಲಿ, ಸ್ಟ್ಯಾನ್‌ಫರ್ಡ್, ಹಾರ್ವರ್ಡ್ ತೆಗೆದೆ. ಎಂಐಟಿ, ಪ್ರಿನ್ಸ್‌ಟನ್, ಆಮ್ಹರ್ಸ್ಟ್, ಬೋಡನ್, ಬೆರಿಯಾ, ಐದು. ಸಿಇಟಿ, ಐಎಸ್ಐ ಎರಡಕ್ಕೂ ಓದ್ತೀನಿ. ನಾಲ್ಕನೇ ಬ್ಲಾಕ್ ಸರ್, ವೀಸಾ ವಿಷಯ ಅಪ್ಪನಿಗೆ ಓದಿ ಹೇಳಿದೆ. 'ಇಲ್ಲಿನ ಸೀಟು ಮಾತ್ರ ಬಿಡಬೇಡ' ಅಂದ್ರು.

ನವೆಂಬರ್ 1ಕ್ಕೇ ಹಾಕ್ಬೇಕಾ? ಯೂಟ್ಯೂಬಲ್ಲಿ ಅರ್ಲಿ ಹಾಕಿದ್ರೆ ಡಬಲ್ ಚಾನ್ಸ್ ಅಂತಾರೆ. ಒಬ್ಬರು ಮಾರ್ಕ್ಸ್ ಕಾರ್ಡ್ 'ಸರಿ ಮಾಡ್ಕೊಡ್ತೀವಿ' ಅಂತ ಮೆಸೇಜೂ ಮಾಡಿದ್ದಾರೆ.

ಚಾರ್ಲ್ಸ್ ದಂಡೆ:
ಆ ಮೆಸೇಜ್ ಕಳಿಸಿದವನನ್ನ ಈಗಲೇ ಬ್ಲಾಕ್ ಮಾಡು. 2024ರಲ್ಲಿ ಭಾರತದ ಒಬ್ಬ ವಿದ್ಯಾರ್ಥಿ ಪೆನ್ಸಿಲ್ವೇನಿಯಾದ ಒಂದು ವಿಶ್ವವಿದ್ಯಾಲಯದಲ್ಲಿ ಸುಳ್ಳು ಅಂಕಪಟ್ಟಿ, ಬದುಕಿರೋ ಅಪ್ಪನ ಮರಣಪತ್ರ ತೋರಿಸಿ ಪೂರ್ತಿ ಸ್ಕಾಲರ್‌ಶಿಪ್ ತಗೊಂಡು ಸಿಕ್ಕಿಬಿದ್ದ. ಕೇಸಾಗಿ ವಾಪಸ್ ಕಳಿಸಿದ್ರು.

ಅರ್ಲಿ ಡಿಸಿಷನ್ ಅಂದ್ರೆ ಸೀಟು ಕೊಟ್ರೆ ಬರ್ತೀನಿ ಅಂತ ಮಾತು ಕೊಟ್ಟ ಹಾಗೆ. ಎಂಐಟಿಯ ಅರ್ಲಿ ಆಕ್ಷನ್‌ನಲ್ಲಿ ಆ ಕಟ್ಟು ಇಲ್ಲ. ಆದ್ರೂ ಮೇಷ್ಟ್ರ ಪತ್ರ, ಒಂಬತ್ತನೇ ಕ್ಲಾಸಿನ ಅಂಕ ಕೈಯಲ್ಲಿಲ್ದೆ ಓಡೋದು ಬೇಡ. ಜನವರಿ ಮೊದಲ ವಾರದ ಗಡುವಿಗೆ ಸರಿಯಾಗಿ ಹಾಕು. ಆದಾಯದ ಕಾಗದ ಈಗಲೇ ಶುರು ಮಾಡು, ತಹಶೀಲ್ದಾರ್ ಪ್ರಮಾಣಪತ್ರದ ಇಂಗ್ಲಿಷ್ ಪ್ರತಿ, ಡೈರಿ ಸಂಬಳದ ಚೀಟಿ. ನೆರವಿನ ಫಾರ್ಮ್ ತೆರೆದಾಗ ಗಾಬರಿ ಆಗಬೇಡ, ಈಜುಕೊಳದ ಮನೆಯವರಿಗೂ ನಿಮಗೂ ಅದೇ ಫಾರ್ಮು.

ಲ್ಯಾಬ್ ಮೇಷ್ಟ್ರು:
ನಿಮ್ಮ ಪ್ರಿನ್ಸಿಪಾಲರ ಹತ್ರ ನಾನು ಬೇಕಾದ್ರೆ ಮಾತಾಡ್ತೀನಿ, ಸ್ಕೂಲ್ ಪ್ರೊಫೈಲ್ ಹೇಗೆ ಬರೆಯೋದು ಅಂತ. ನಂಬರ್ ಇಲ್ಲಿ ಹಾಕಬೇಡ, ಒಳಗಿನ ಮೆಸೇಜಲ್ಲಿ ಕಳಿಸು. ಒಂಬತ್ತನೇ ಕ್ಲಾಸಿನದ್ದು ಏನಾಯ್ತು?

ಕೆರೆಏರಿ:
ಇವತ್ತು ಹೈಸ್ಕೂಲಿಗೆ ಹೋಗಿದ್ದೆ ಸರ್. ಗುಮಾಸ್ತರು ಬೀರು ಮೇಲಿಂದ ಕಟ್ಟು ಇಳಿಸಿದ್ರು, ನಮ್ಮ ಬ್ಯಾಚಿನ ರಿಜಿಸ್ಟರ್‌ಗೆ ಒಂದು ಮೂಲೆ ಗೆದ್ದಲು ತಿಂದಿದೆ. ನನ್ನ ಸಾಲಲ್ಲಿ ಸಮಾಜದ ಅಂಕ ಅರ್ಧ ಹೋಗಿದೆ, '8' ಕಾಣುತ್ತೆ, ಪಕ್ಕದ್ದು ಕಾಣಲ್ಲ. ಒಟ್ಟು ಇದೆ, ಅದರಿಂದ ಕಳೆದು ಲೆಕ್ಕ ಹಾಕಿದ್ವಿ, 87 ಬಂತು. ಹೆಡ್‌ಮಾಸ್ಟರ್ ಸೋಮವಾರ ಸೀಲು ಹಾಕ್ಕೊಡ್ತೀನಿ ಅಂದಿದ್ದಾರೆ.

ನಾಳೆ ಫೋನ್ ಮಾಡ್ಲಾ ಸರ್? ಆರೂವರೆ ಮೇಲೆ ಆಗ್ಬೇಕು, ಡೈರಿಗೆ ಭಾನುವಾರ ರಜೆ ಇಲ್ಲ.